ಎಲ್ಲರ ಬ್ರೆಡ್ಡಿಗೂ ಒಂದೇ ಬೂಷ್ಟು

"ವ್ಯಾಕ್! ಚಿಕ್ಕಮ್ಮ, ಇದು ಉಸಿರಾಡ್ತಿದೆ ಅನ್ಸುತ್ತೆ!"

"ಕವರ್ ಬಿಚ್ಚಬೇಡ ಅಂದ್ನಲ್ಲ! ಹೊರಗಿಂದ ನೋಡು ಸಾಕು. ಏನ್ ಕಾಣ್ತಿದೆ?"

"ಹಸಿರು. ಮಧ್ಯ ಕಪ್ಪು ಕೂದಲು ಥರ. ಅಯ್ಯೋ, ಅಂಚಲ್ಲಿ ಅದೇನೋ ಹಳದಿ ನೀರು! ಥೂ!"

"ಹಾಂ, 'ಥೂ' ಬಿಟ್ಟು ಉಳಿದಿದ್ದೆಲ್ಲ ಶೀಟಲ್ಲಿ ಬರಿಬಹುದು."

ನಮ್ಮಮ್ಮನ ತಂಗಿ ಇವಳು, ನಾಲ್ಕನೇ ಕ್ಲಾಸಿಗೆ ಸೈನ್ಸ್ ಹೇಳ್ಕೊಡ್ತಾಳೆ. ನಂಗೆ ಕಾಲೇಜ್ ರಜೆ, ಹೆಲ್ಪ್ ಮಾಡ್ತೀನಿ ಅಂತ ಕುಣ್ಕೊಂಡು ಅವಳ ಸ್ಕೂಲಿಗೆ ಬಂದ್ರೆ ಕಿಟಕಿ ಉದ್ದಕ್ಕೂ ಕವರಲ್ಲಿ ಕಟ್ಟಿಟ್ಟ ಬ್ರೆಡ್ಡು, ಅದರ ಮೇಲೆಲ್ಲ ಬೂಷ್ಟು!

ಮೊದಲು ಚಿಕ್ಕಮ್ಮನೂ ನೋಟ್ಸ್ ಬರೆಸೋಳೇ. ಒಂದಿನ "ಬ್ರೆಡ್ ಯಾಕೆ ಕೆಡುತ್ತೆ?" ಅಂತ ಕೇಳಿದ್ರೆ ಒಬ್ಬ ಎದ್ದು ನಿಂತು "ಪಾಠ ಐದು, ಮೂರನೇ ಪ್ರಶ್ನೆ, ಮಿಸ್" ಅಂದನಂತೆ! ಅವತ್ತಿಂದ ವರ್ಕ್‌ಶೀಟ್ ಅವಳೇ ಮಾಡೋದು, ಅದ್ರಲ್ಲಿ ಉತ್ತರಾನೇ ಇರಲ್ಲ. ಅರ್ಧ ಮಕ್ಕಳು ಬ್ರೆಡ್ಡಿಗೆ ನೀರು ಚಿಮುಕಿಸ್ಬೇಕು, ಅರ್ಧ ಮಕ್ಕಳು ಗರಿಗರಿ ಒಣಗಿಸ್ಬೇಕು. ದಿನಾ ನೋಡು, ಕಂಡಿದ್ದು ಬರಿ, ಯಾಕೆ ಹಂಗಾಯ್ತು ನೀನೇ ಹೇಳು. ಸೂಪರ್ ಅಲ್ವಾ?

ಆದ್ರೆ ಹೆಡ್ ಸರ್‌ಗೆ ಮೈಯೆಲ್ಲ ಉರಿ. "ಒಂದೊಂದು ಮಗು ಒಂದೊಂದು ಬರೆದ್ರೆ ಪೇರೆಂಟ್ಸ್‌ಗೆ ಏನ್ ತೋರಿಸ್ಲಿ? ಈ ಸಲ ನೀಟಾಗಿ ಬರ್ಲಿಲ್ಲ ಅಂದ್ರೆ ವಾಪಸ್ ನೋಟ್ಸೇ" ಅಂದ್ಬಿಟ್ಟಿದ್ರು. ಅದೇ ಟೈಮಿಗೆ ಚಿಕ್ಕಮ್ಮಂಗೆ ಜ್ವರ. ಅವಳ ಕ್ಲಾಸ್ ನೋಡ್ಕೊಂಡಿದ್ದು ಪಕ್ಕದ ಸೆಕ್ಷನ್ ಟೀಚರ್. ಮಕ್ಕಳು ಅವರಿಗೆ ಇಟ್ಟಿರೋ ಹೆಸರು ಡಿಕ್ಟೇಶನ್ ಮಿಸ್!

ಇವತ್ತು ಶೀಟ್ ತೆಗೆದು ನೋಡಿದ್ರೆ ಎಲ್ಲದ್ರಲ್ಲೂ ದುಂಡಗೆ ಒಂದೇ ವಾಕ್ಯ: "ಬ್ರೆಡ್ಡಿನ ಮೇಲೆ ಹಸಿರು ಬೂಷ್ಟು ಬೆಳೆದಿದೆ."

ಒಣ ಬ್ರೆಡ್ ಇಟ್ಟಿದ್ದ ಎರಡು ಜಡೆ ಹುಡುಗೀನ ಚಿಕ್ಕಮ್ಮ ಕರೆದ್ಲು. "ಪುಟ್ಟಿ, ನಿನ್ನ ಬ್ರೆಡ್ಡಲ್ಲಿ ಬೂಷ್ಟು ಎಲ್ಲಿದೆ ತೋರ್ಸು."

ಪುಟ್ಟಿ ಕವರ್ ನೋಡ್ಲೇ ಇಲ್ಲ. ಶೀಟ್ ಮೇಲೆ ಬೆರಳಿಟ್ಟು "ಇಲ್ಲಿ ಮಿಸ್" ಅಂದ್ಲು.

ನಗು ಬಂತು, ಚಿಕ್ಕಮ್ಮನ ಮುಖ ನೋಡಿ ನುಂಗ್ಕೊಂಡೆ. ಅಷ್ಟು ಹೊತ್ತೂ ಆ ಗಲೀಜನ್ನ ಮಗು ಥರ ಎತ್ಕೊಂಡು ಓಡಾಡಿದವಳಿಗೆ ಈಗ ವಾಕರಿಕೆ ಬಂದಂಗಿತ್ತು!

ಅಷ್ಟರಲ್ಲಿ ಹೆಡ್ ಸರ್ ಬಂದ್ರು. ಶೀಟ್ ತಿರುವಿ ಹಾಕಿ ಮುಖ ಅರಳಿಸಿದ್ರು. "ಇದು ಮೇಡಂ, ಶೀಟ್ ಅಂದ್ರೆ! ಎಲ್ಲರದೂ ಒಂದೇ ಥರ!"

"ಅದೇ ಸರ್ ಅಸಹ್ಯ" ಅಂದ್ಲು ಚಿಕ್ಕಮ್ಮ. " ಈ ಕವರ್‌ಗಳಲ್ಲಿ ಎರಡು ಒಂದೇ ಥರ ಇದ್ರೆ ತೋರ್ಸಿ. ಬೂಷ್ಟು ಕೂಡ ಕಾಪಿ ಹೊಡೆಯಲ್ಲ."

ಸರ್ ಮೂಗಿಗೆ ಕರ್ಚೀಫ್ ಒತ್ಕೊಂಡು ಬಗ್ಗಿದ್ರು, ಹಾವು ಕಂಡಂಗೆ ಹಿಂದಕ್ಕೆ ಹಾರಿದ್ರು! "ಥೂ ಥೂ! ಸರಿ, ಇನ್ನೊಂದು ವಾರ. ಮಕ್ಕಳು ತಾವೇ ನನಗೆ ವಿವರಿಸ್ಬೇಕು. ಬರ್ಲಿಲ್ಲ ಅಂದ್ರೆ ನೋಟ್ಸ್, ಇನ್ನು ವಾದ ಇಲ್ಲ."

ಅವರು ಹೋಗಿದ್ದೇ ತಡ, ನೀಟ್ ಶೀಟೆಲ್ಲ ಕಸದ ಬುಟ್ಟಿಗೆ! ಎಲ್ಲರಿಗೂ ಖಾಲಿ ಶೀಟ್ ಹಂಚಿದ್ದು ನಾನೇ.

ಪುಟ್ಟಿ ತನ್ನ ಬ್ರೆಡ್ಡನ್ನ ಹಿಂದೆ ಮುಂದೆ ತಿರುಗಿಸಿದ್ಲು. ಆಮೇಲೆ ಹೆದರ್ಕೊಂಡು, "ಮಿಸ್, ಏನೂ ಬೆಳೆದಿಲ್ಲ ಅಂತ ಬರೀಬಹುದಾ?"

"ಬರಿ ನನ್ ಬಂಗಾರ! ಯಾಕೆ ಬೆಳೀಲಿಲ್ಲ ಅದನ್ನೂ ಯೋಚ್ನೆ ಮಾಡು."

ಪುಟ್ಟಿ ಪಕ್ಕದವನ ಒದ್ದೆ ಬ್ರೆಡ್ ಕಡೆ ನೋಡಿ ಮುಖ ಹಿಂಡಿದ್ಲು, ಮತ್ತೆ ತನ್ನದನ್ನ ನೋಡಿದ್ಲು. ಏನೋ ಹೊಳೀತಿತ್ತು, ಇನ್ನೂ ಬಾಯಿಗೆ ಬಂದಿರ್ಲಿಲ್ಲ!

"ಮುಂದಿನ ಸೋಮವಾರ ಸರ್ ಬರ್ತಾರೆ. ನೀನೂ ಬರ್ತೀಯಾ?" ಅಂದ್ಲು ಚಿಕ್ಕಮ್ಮ.

"ಬರ್ದೇ ಇರ್ತೀನಾ? ಫಸ್ಟ್ ಪೀರಿಯಡ್‌ಗೇ ಬರ್ತೀನಿ. ತಿಂಡಿ ಮಾತ್ರ ತಿನ್ಕೊಂಡು ಬರಲ್ಲ!"