ಭಾಷಣ ಬಿಟ್ಟ ರೈಟಣ್ಣ

ಜೀವಮಾನವೆಲ್ಲ ಎಡಪಂಥದವನಾಗಿದ್ದ ಮನುಷ್ಯನಿಗೆ ಜನ ಇಟ್ಟ ಹೆಸರು ರೈಟಣ್ಣ. ಬಸ್ ಕಂಡಕ್ಟರಾಗಿ ಬಾಗಿಲಲ್ಲಿ ನಿಂತು ‘ರೈಟ್, ರೈಟ್’ ಎಂದು ಕೂಗಿ ಕೂಗಿ ಬಂದ ಹೆಸರದು; ನಿವೃತ್ತಿಯಾದ ಮೇಲೂ ಬಿಡಲಿಲ್ಲ. ತನ್ನ ಬೀದಿಯಲ್ಲೇ ಒಂದು ಸಮಾಜವಾದಿ ಸಂಘ ಕಟ್ಟಬೇಕು, ದುಡಿಯುವವರು ತಮ್ಮ ಪರವಾಗಿ ತಾವೇ ಮಾತಾಡುವಂತಾಗಬೇಕು ಎಂಬುದು ಅವನ ಬಹುಕಾಲದ ಆಸೆ. ಕೆಲಸದಿಂದ ಬಿಡುವಾದದ್ದೇ ತಡ, ಟೈಲರನ ಅಂಗಡಿಯ ಮೇಲಿನ ಕೋಣೆಯನ್ನು ಕೇಳಿ ಪಡೆದ.

ಕೋಣೆಯ ತುಂಬ ಬಟ್ಟೆಯ ಚೂರು, ಕಾಲು ಮುರಿದ ಕುರ್ಚಿ, ಕೆಟ್ಟು ಕೂತ ಹೊಲಿಗೆ ಯಂತ್ರ. ಗುಡಿಸಿ, ಚಾಪೆ ಹಾಸಿ, ಮನೆಮನೆಗೂ ಹೋಗಿ ಕರೆದು ಬಂದ. ಮೊದಲ ಭಾನುವಾರ ಕೋಣೆ ಕಿಕ್ಕಿರಿಯಿತು. ಬಂಡವಾಳ ಎಂದರೇನು, ಲಾಭ ಎಲ್ಲಿಂದ ಹುಟ್ಟುತ್ತದೆ ಎಂದು ಶುರು ಮಾಡಿದವನು ನಿಲ್ಲಿಸಲೇ ಇಲ್ಲ. ಪ್ಲಂಬರ್ ಗೋಡೆಗೊರಗಿ ಗೊರಕೆ ಹೊಡೆದ. ವಾರ ಕಳೆದಂತೆ ಜನ ಒಬ್ಬೊಬ್ಬರಾಗಿ ಜಾರಿಕೊಂಡರು. ಕೊನೆಗೆ ಉಳಿದವನು ಟೈಲರ್ ಒಬ್ಬನೇ. ಕೋಣೆ ಅವನದೇ ತಾನೆ, ಪಾಪ, ಎಲ್ಲಿಗೆ ಹೋದಾನು?

“ಮದುವೆ ಆದಾಗಿಂದ ನಾನು ಕೇಳಿಸ್ಕೊಳ್ತಾ ಇದೀನಿ. ಬೀದಿಯವರಿಗೆ ಯಾಕ್ರೀ ಆ ಶಿಕ್ಷೆ?” ಎಂದಳು ಹೆಂಡತಿ.

ಅವಳ ತಂಗಿ ಅಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ಶೆಡ್ಡಿನಲ್ಲಿ ಇಸ್ತ್ರಿ ಕೆಲಸ ಅವಳದು. ಸಂಘಕ್ಕೆ ಮೂರು ವಾರ ಬಂದು ಆಮೇಲೆ ನಿಲ್ಲಿಸಿದವಳು.

“ಭಾವ, ಬೇಜಾರ್ ಮಾಡ್ಕೋಬೇಡಿ,” ಎಂದಳು. “ಬಸ್ ಹತ್ತಿದವರಿಗೆ ಎಂಜಿನ್ ಹೆಂಗೆ ಓಡುತ್ತೆ ಅಂತ ಯಾವತ್ತಾದ್ರೂ ಪಾಠ ಮಾಡಿದ್ರಾ? ಎಲ್ಲಿಗೆ ಹೋಗ್ಬೇಕು ಅಂತ ತಾನೆ ಕೇಳ್ತಿದ್ರಿ?”

ರೈಟಣ್ಣನ ಮುಖ ಸಪ್ಪಗಾಯಿತು. ಮೂರನೆಯ ದಿನ ತಾನಾಗಿಯೇ ನಾದಿನಿಯ ಮನೆಗೆ ಹೋಗಿ, “ಸರಿ ಕಣಮ್ಮ, ಈ ಸಲ ನೀನೇ ನಡೆಸು. ನಾನು ಮೂಲೇಲಿ ಕೂತಿರ್ತೀನಿ,” ಎಂದ.

ಆ ಭಾನುವಾರ ಬಿಟ್ಟುಹೋದವರನ್ನೆಲ್ಲ ಮತ್ತೆ ಕರೆತಂದು ಅವಳು ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮ ಕೆಲಸದ ಜಾಗದಲ್ಲಿ ನಿಮಗೆ ಏನು ಬದಲಾಗಬೇಕು? ಪ್ಲಂಬರ್ ಅವತ್ತು ನಿದ್ದೆ ಮಾಡಲಿಲ್ಲ. ಅವಳ ಜೊತೆ ಬಂದಿದ್ದ ಇಸ್ತ್ರಿ ಹೆಂಗಸರು ಶೆಡ್ಡಿನ ಸೆಕೆ ಹೇಳಿಕೊಂಡರು: ಕಿಟಕಿ ತೆಗೆಯುವಂತಿಲ್ಲ, ಫ್ಯಾನ್ ಇಲ್ಲ, ತಲೆ ತಿರುಗಿ ಬಿದ್ದವರೂ ಇದ್ದಾರೆ. ಅಲ್ಲಿಂದ ಸಂಘದ ತರಬೇತಿಯ ದಾರಿಯೇ ಬೇರೆಯಾಯಿತು. ಒಬ್ಬರು ಮೇಲ್ವಿಚಾರಕರಂತೆ ನಟಿಸುವುದು, ಇನ್ನೊಬ್ಬರು ಹೋಗಿ ತಮ್ಮ ಬೇಡಿಕೆ ಹೇಳುವುದು. ಅವರು ಎಲ್ಲಿ ತಡವರಿಸಿದರು, ಎಲ್ಲಿ ಸುಮ್ಮನೆ ಸಿಟ್ಟು ಮಾಡಿಕೊಂಡರು ಎಂದು ಉಳಿದವರು ಹೇಳುವುದು. ಟೈಲರ್ ಮೇಲ್ವಿಚಾರಕನಾಗಿ ಎಷ್ಟು ಚೆನ್ನಾಗಿ ದರ್ಪ ತೋರಿಸಿದನೆಂದರೆ, ಪಾಠ ಮುಗಿದ ಮೇಲೂ ಹೆಂಗಸರು ಅವನ ಮುಖ ನೋಡಲಿಲ್ಲ.

“ಅಯ್ಯೋ, ಅದು ನಾಟಕ ಕಣ್ರಮ್ಮ!” ಎಂದು ಅವನು ಮೆಟ್ಟಿಲ ತನಕ ಹಿಂದೆ ಹಿಂದೆ ಓಡಿದ.

ಬಂಡವಾಳದ ಮಾತೂ ಬಂತು, ಆದರೆ ಅವರಾಗಿಯೇ ಕೇಳಿದಾಗ. ಶೆಡ್ಡಿನ ಗುತ್ತಿಗೆದಾರನಿಗೆ ಫ್ಯಾನ್ ಹಾಕಿಸಲು ಯಾಕೆ ಕಷ್ಟ ಎಂದು ಒಬ್ಬಳು ಕೇಳಿದ ದಿನ ರೈಟಣ್ಣ ಚುಟುಕಾಗಿ ವಿವರಿಸಿದ. ಎಲ್ಲರಿಗೂ ಅರ್ಥವಾಯಿತು. ಅವತ್ತು ಅವನಿಗಾದ ಖುಷಿ ಅಷ್ಟಿಷ್ಟಲ್ಲ.

ಕೊನೆಗೆ ಗುತ್ತಿಗೆ ಕೊಟ್ಟ ಆಸ್ಪತ್ರೆಯ ಮುಖ್ಯಸ್ಥರನ್ನೇ ಕಾಣುವುದೆಂದು ನಿರ್ಧಾರವಾಯಿತು. ರೈಟಣ್ಣ ಶರ್ಟು ಇಸ್ತ್ರಿ ಮಾಡಿಸಿಕೊಂಡು ತಯಾರಾಗಿ ಬಂದ. ನಾದಿನಿ ತಲೆ ತಗ್ಗಿಸಿ ಹೇಳಿದಳು: “ಭಾವ, ನೀವು ಒಳಗೆ ಬರೋದು ಬೇಡ ಅಂತ ಎಲ್ರೂ ಕೈ ಎತ್ತಿದಾರೆ. ನೀವಿದ್ರೆ ನಾವು ನಿಮ್ಮ ಮುಖ ನೋಡ್ಕೊಂಡು ಸುಮ್ನಾಗ್ತೀವಿ.”

ಅವನು ಹೊರಗೆ ಬೆಂಚಿನ ಮೇಲೆ ಕೂತ. ಬಾಗಿಲು ಅರ್ಧ ತೆರೆದಿತ್ತು. ನಾದಿನಿ ಮಾತು ಶುರು ಮಾಡಿದಳು. ನಡುವೆ ಹೇಳಬೇಕಾದ್ದು ಮರೆತು ತಡವರಿಸಿದಳು. ರೈಟಣ್ಣ ಎದ್ದೇ ಬಿಟ್ಟ. ಅಷ್ಟರಲ್ಲಿ ಒಳಗೆ ಎಂದೂ ಬಾಯಿ ಬಿಡದ ಹಿರಿಯ ಇಸ್ತ್ರಿಯವಳು, “ಮುಂದಿನದು ನಾನ್ ಹೇಳ್ತೀನಿ ಸಾರ್,” ಎಂದಳು. ಅವಳ ಮಾತು ಮುಗಿಯುವ ಮೊದಲೇ ಇನ್ನೊಬ್ಬಳು ಎತ್ತಿಕೊಂಡಳು. ರೈಟಣ್ಣ ಮತ್ತೆ ಕೂತ. ಕಣ್ಣು ತುಂಬಿ ಬಂದದ್ದನ್ನು ಜವಾನ ನೋಡಿ, “ಯಾರಿಗೆ ಹುಷಾರಿಲ್ಲ ಯಜಮಾನ್ರೇ?” ಎಂದು ಕೇಳಿದ.

“ಎಲ್ರೂ ಚೆನ್ನಾಗಿದಾರಪ್ಪ,” ಎಂದ ಅವನು. “ಬಹಳ ಚೆನ್ನಾಗಿದಾರೆ.”

ಫ್ಯಾನುಗಳು ಬಂದವು, ಕಿಟಕಿಗಳು ತೆರೆದವು. ಕೆಲಸದ ನಡುವೆ ಕೂರಲು ಬಿಡುವು ಬೇಕೆಂಬ ಬೇಡಿಕೆ ಮಾತ್ರ ಇನ್ನೂ ಜಗ್ಗಾಟದಲ್ಲೇ ಇದೆ. ಆ ವರ್ಷ ಸಂಘದ ಸಂಚಾಲಕಿಯಾಗಿ ನಾದಿನಿ ಆಯ್ಕೆಯಾದಳು. ರೈಟಣ್ಣನಿಗೆ ಒಂದು ಗಳಿಗೆ ಚುರುಕ್ಕೆಂದಿತು, ಸುಳ್ಳೇಕೆ? ಆದರೆ ಎಲ್ಲರಿಗಿಂತ ಮೊದಲು ಕೈ ಎತ್ತಿದವನೂ ಅವನೇ.

ಈಗ ಬೇಕರಿ ಕೆಲಸದವರೂ ತರಬೇತಿಗೆ ಬರುತ್ತಾರೆ. ತಾಯಂದಿರು ನೆಮ್ಮದಿಯಾಗಿ ಕೂರಲೆಂದು ಅವರ ಮಕ್ಕಳನ್ನು ಕೆಳಗೆ ಟೈಲರನ ಅಂಗಡಿಯಲ್ಲಿ ನೋಡಿಕೊಳ್ಳುವ ಕೆಲಸ ರೈಟಣ್ಣನದು. ಮೂಗು ಒರೆಸುತ್ತಾನೆ, ಜಗಳ ಬಿಡಿಸುತ್ತಾನೆ, ಗುಂಡಿ ಪೋಣಿಸಿ ಸರ ಮಾಡಿಕೊಡುತ್ತಾನೆ.

ಮೊನ್ನೆ ಹೆಂಡತಿ ಮೊದಲ ಸಲ ಸಭೆಗೆ ಬಂದಳು. ಮೆಟ್ಟಿಲು ಹತ್ತುವ ಮೊದಲು, ಅವನ ತೊಡೆಯ ಮೇಲೆ ನಿದ್ದೆ ಹೋಗಿದ್ದ ಮಗುವನ್ನು ನೋಡಿ, “ಸಂಘ ಕಟ್ತೀನಿ ಅಂತ ಹೋಗಿ ಕೊನೆಗೆ ಸಿಕ್ಕಿದ್ದು ಇದೇನಾ?” ಎಂದಳು.

“ಇದಕ್ಕಿಂತ ಇನ್ನೇನು ಸಿಗ್ಬೇಕಿತ್ತು?” ಎಂದ ರೈಟಣ್ಣ, ಮಗು ಏಳದಂತೆ ಮೆಲ್ಲಗೆ. “ನೀನು ಬೇಗ ಹೋಗು, ಅವರು ಶುರು ಮಾಡ್ಬಿಡ್ತಾರೆ.”