ತುಳಿಯದೆ ಹೋದ ಎರಡನೇ ಬೇಸು

ನಮ್ಮ ಮೊಮ್ಮಗಳು ಅಂಪೈರ್ ಆದಳು! ಬೇಸ್‌ಬಾಲ್ ಅಂಪೈರ್. ಮೊನ್ನೆ ಭಾನುವಾರ ಹಾಸನದ ಮೈದಾನದಲ್ಲಿ ಪರೀಕ್ಷಕರು ಎಲ್ಲರೆದುರು ಅವಳ ಕೈಕುಲುಕಿ ಪಾಸಾಗಿದ್ದೀಯ ಎಂದರು. ನಾನು ಹೊಳೆನರಸೀಪುರಕ್ಕೆ ಬರುವ ಬಸ್ಸಿನಲ್ಲಿ ಪಕ್ಕದ ಹೆಂಗಸಿಗೆ ಹೇಳಿದೆ, ಕಂಡಕ್ಟರಿಗೆ ಹೇಳಿದೆ, ಇಳಿದ ಮೇಲೆ ಹೂವಿನವಳಿಗೂ ಹೇಳಿದೆ. ಅವಳು "ಅಂಗಂದ್ರೇನಮ್ಮ?" ಎಂದು ಮೊಳ ಹಾಕುವುದನ್ನೇ ನಿಲ್ಲಿಸಿದಳು. ಅವಳಿಗೆ ಬಿಡಿಸಿ ಹೇಳುವಷ್ಟರಲ್ಲಿ ನಮ್ಮನೆಯವರೂ ಮೊಮ್ಮಗಳೂ ಮನೆ ಸೇರಿಬಿಟ್ಟಿದ್ದರು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ತಪ್ಪಿದ್ದರೆ ನೀವೇ ಸರಿಮಾಡಿಕೊಂಡು ಓದಿ.

ಈ ಆಟ ನಮ್ಮ ಮನೆಗೆ ಬಂದದ್ದು ಅವಳು ಕಾಲೇಜು ಸೇರಿದ ಮೇಲೆ. ಒಂದು ಬೆಳಿಗ್ಗೆ ಎದ್ದು ನೋಡಿದರೆ, ಕೊಬ್ಬರಿ ಒಣಹಾಕುವ ನಮ್ಮ ಅಂಗಳದ ನಾಲ್ಕು ಮೂಲೆಯಲ್ಲೂ ಗೋಣಿಚೀಲ ಮಡಿಸಿ ಹಾಸಿದ್ದಾಳೆ.

"ಅಜ್ಜಿ, ನೀನು ಓಡು. ನಾನು ನೋಡ್ತೀನಿ" ಎಂದಳು.

"ಈ ವಯಸ್ನಲ್ಲಿ ಓಡಿ ಎಲ್ಲಿಗೋಗ್ಲೇ?"

"ಎಲ್ಲಿಗೂ ಓಗ್ಬೇಡ. ಸುತ್ಕಂಡು ಇಲ್ಲಿಗೇ ಬಾ."

ಆಟವೆಂದರೆ ಅಷ್ಟೇ. ಚೆಂಡು ಹೊಡೆದವರು ಮೂಲೆ ಮೂಲೆಯನ್ನೂ ಸರದಿಯಂತೆ ತುಳಿದುಕೊಂಡು, ಹೊರಟ ಜಾಗಕ್ಕೇ ತಿರುಗಿ ಬಂದರೆ ಒಂದು ರನ್. ಆ ಮೂಲೆಗಳಿಗೆ ಬೇಸ್ ಎನ್ನುತ್ತಾರೆ. ನಾನು ಸೆರಗು ಸಿಕ್ಕಿಸಿಕೊಂಡು ಬಿರಬಿರನೆ ನಡೆದು ಸುತ್ತು ಹಾಕಿ ಬಂದೆ. ಪಕ್ಕದಲ್ಲಿ ಬೀಡಿ ಸೇದುತ್ತಾ ಕೂತಿದ್ದ ನಮ್ಮನೆಯವರು ಚಪ್ಪಾಳೆ ತಟ್ಟಿದರು.

"ರನ್ ಆಯ್ತು ಅಜ್ಜಿ" ಎಂದಳು ಮೊಮ್ಮಗಳು. ಆಮೇಲೆ ನಗಲು ಶುರು ಮಾಡಿದಳು. "ಆದ್ರೆ ನೀನು ಒಂದು ಬೇಸನ್ನೂ ತುಳೀಲಿಲ್ಲ. ಎಲ್ಲಾನೂ ಬಳಸ್ಕಂಡು ಬಂದೆ."

"ರಾಗಿ ತುಂಬೋ ಚೀಲ ಕಣೇ ಅದು! ತುಳಿಯೋದುಂಟಾ? ಬಿಡ್ತು ಅನ್ನು."

"ಬಿಡ್ತು."

"ಅಲ್ಲಾ, ನಾನು ತುಳ್ದಿಲ್ಲ ಅಂತ ಗೊತ್ತಿದ್ದೂ ರನ್ ಯಾಕಂದೆ?"

"ಯಾರೂ ಕೇಳ್ಲಿಲ್ವಲ್ಲ."

ಮಾರನೇ ದಿನ ಚೀಲದ ಜಾಗಕ್ಕೆ ಹಳೇ ಕಾಲೊರಸು ಬಂತು, ಅದನ್ನು ಧಾರಾಳವಾಗಿ ತುಳಿದೆ. ಆದರೆ ಅವಳ ಆ ಮಾತು ತಲೆಯೊಳಗೆ ಕೂತುಬಿಟ್ಟಿತು. ಕಂಡವಳು ಸುಮ್ಮನಿರುವುದು ಯಾವ ಸೀಮೆ ನ್ಯಾಯ? ಅವರೆಕಾಯಿ ಸುಲಿಯುವಾಗ, ನೀರು ಕಾಯಿಸುವಾಗ, ಅವಳ ತಲೆ ಬಾಚುವಾಗ, ಕೇಳಿದ್ದೇ ಕೇಳಿದೆ. ಅವಳು ಬೇಸರವಿಲ್ಲದೆ ಹೇಳಿದಳು. ಓಡುವವಳ ಕೆಲಸ ತುಳಿಯುವುದು. ತುಳಿದಳೋ ಇಲ್ಲವೋ ಎಂದು ಕಾಯುವುದು ಎದುರು ಟೀಮಿನ ಕೆಲಸ. ತುಳಿಯದೇ ಹೋದದ್ದು ಅವರ ಕಣ್ಣಿಗೆ ಬಿದ್ದರೆ, ಚೆಂಡು ಹಿಡಿದು ಆ ಬೇಸನ್ನು ಮುಟ್ಟಿ, ಇವಳು ಇದನ್ನು ತುಳಿದಿಲ್ಲ ಎಂದು ಅಂಪೈರನ್ನು ಕೇಳಬೇಕು. ಅದಕ್ಕೆ ಅಪೀಲ್ ಎಂದು ಹೆಸರು. ಕೇಳಿದ ಮೇಲೆ ಮಾತ್ರ ಅಂಪೈರ್ ಬಾಯಿ ಬಿಡಬೇಕು.

"ಅವ್ರು ಕೇಳ್ದೇ ಓದ್ರೆ?"

"ಮುಂದಿನ ಚೆಂಡು ಎಸೆದ್ಬಿಟ್ರೆ ಮುಗೀತು, ತುಳಿದಂಗೇ ಲೆಕ್ಕ."

"ತುಳೀದಿದ್ರೂ?"

"ತುಳೀದಿದ್ರೂ."

"ಓಡೋಳಿಗೇ ಗ್ಯಾನ ಬಂದ್ರೆ?"

"ಬಂದ ದಾರೀಲೇ ತಿರುಗಿ ಓಗಿ ತುಳೀಬೋದು. ಅಡ್ಡದಾರಿ ಇಡಿಯಂಗಿಲ್ಲ."

"ನೀನು ಒಂದು ಮಾತು ಏಳುದ್ರೆ ಏನೇ ಗಂಟೋಗದು?"

"ಏಳುದ್ರೆ ನಾನೂ ಒಂದು ಟೀಮಿಗೆ ಆಡ್ದಂಗಲ್ವಾ ಅಜ್ಜಿ?"



ಇಷ್ಟೆಲ್ಲ ಗೊತ್ತಿದ್ದವಳು ಹೋದ ವರ್ಷದ ಪರೀಕ್ಷೆಯಲ್ಲಿ ಫೇಲಾಗಿದ್ದಳು. ಪುಸ್ತಕದ ಪ್ರಶ್ನೆಗಳಲ್ಲಲ್ಲ, ಮೈದಾನದಲ್ಲಿ. ಓಡುವ ಹುಡುಗಿಯೊಬ್ಬಳು ಬೇಸು ದಾಟಿ ಹೋದ ಕೂಡಲೇ ಇವಳ ಕೈ ತನ್ನಷ್ಟಕ್ಕೆ ತಾನೇ ಆ ಬೇಸಿನ ಕಡೆ ಚಾಚಿತಂತೆ. ಅದನ್ನು ನೋಡಿಯೇ ಎದುರು ಟೀಮಿನವರು ಅಪೀಲ್ ಮಾಡಿದರಂತೆ. ಮನೆಗೆ ಬಂದು ಅತ್ತಳು. ನಾನು ಯೋಚನೆ ಮಾಡಿದೆ. ಆ ಕೈ ಎಲ್ಲಿಂದ ಬಂತು? ನಮ್ಮ ಮನೆಯ ಪಂಕ್ತಿಯಿಂದಲೇ. ಯಾರ ಎಲೆಗೆ ಏನು ಬಡಿಸಿಲ್ಲವೋ ಅವರು ಬಾಯಿಬಿಟ್ಟು ಕೇಳಬಾರದು, ಕಂಡವರು ಬಡಿಸುವವರಿಗೆ ತೋರಿಸಬೇಕು. ಮೂರು ವರ್ಷದ ಕೂಸಾಗಿದ್ದಾಗಿನಿಂದ ಅವಳು "ಅಲ್ಲಿ ಪಲ್ಯ ಇಲ್ಲ, ಇಲ್ಲಿ ಉಪ್ಪಿಲ್ಲ" ಎಂದು ಬೆರಳು ಚಾಚುತ್ತಾ ಓಡಾಡಿದವಳು. ಬಂದ ನೆಂಟರೆಲ್ಲ ಹೊಗಳುತ್ತಿದ್ದರು. ಆ ಬೆರಳನ್ನು ಮಡಿಸಿಕೋ ಎಂದರೆ ಎಷ್ಟು ಕಷ್ಟ! ಈ ಸಲವೂ ಫೇಲಾದರೆ ಅಂಪೈರ್ ಆಸೆ ಬಿಟ್ಟುಬಿಡುತ್ತೇನೆ ಎಂದಿದ್ದಳು.

ಹಾಗಾಗಿ ಮೊನ್ನೆ ನಾವಿಬ್ಬರೂ ಅವಳ ಜೊತೆ ಹಾಸನಕ್ಕೆ ಹೋದೆವು. ಮಗ, ಸೊಸೆ ಮನೆಯಲ್ಲೇ ಉಳಿದರು. ಚನ್ನರಾಯಪಟ್ಟಣದ ಹುಡುಗಿಯರಿಗೂ ಅರಕಲಗೂಡಿನ ಹುಡುಗಿಯರಿಗೂ ಪಂದ್ಯ. ದೊಡ್ಡ ಅಂಪೈರ್ ಒಬ್ಬರು ಹೊಡೆಯುವವಳ ಹಿಂದೆ ನಿಂತಿದ್ದರು. ಇವಳು ಎರಡನೇ ಬೇಸಿನ ಹತ್ತಿರ. ಪರೀಕ್ಷಕರು ನೆರಳಲ್ಲಿ ಕುರ್ಚಿ ಹಾಕಿಕೊಂಡು ಇವಳನ್ನೇ ನೋಡುತ್ತಿದ್ದರು.

ಕೊನೆಯ ಸರದಿ, ಎರಡೂ ಕಡೆ ರನ್ ಸಮ. ಚನ್ನರಾಯಪಟ್ಟಣದವರು ಹೊಡೆಯುತ್ತಿದ್ದರು, ಇಬ್ಬರು ಔಟಾಗಿದ್ದರು, ಮೊದಲನೇ ಬೇಸಿನಲ್ಲಿ ಅವರ ಎರಡು ಜಡೆಯ ಹುಡುಗಿ ನಿಂತಿದ್ದಳು. ಹೊಡೆದ ಚೆಂಡು ಬೇಲಿಯ ತನಕ ಹೋಯಿತು. ಎರಡು ಜಡೆಯವಳು ಓಡಿದಳು ನೋಡಿ! ಎರಡನೇ ಬೇಸಿನ ತಿರುವಿನಲ್ಲಿ, ಎತ್ತಿನಗಾಡಿ ಮೂಲೆ ತಿರುಗಿದ ಹಾಗೆ, ಅಗಲವಾಗಿ ಬಳಸಿ ಹೋದಳು. ಥೇಟ್ ನಾನು ರಾಗಿಚೀಲ ಬಳಸಿದ ಹಾಗೆ. ಮೂರನೆಯದನ್ನು ತುಳಿದಳು, ಹೊಡೆಯುವ ಜಾಗಕ್ಕೇ ತಿರುಗಿ ಬಂದಳು. ಚನ್ನರಾಯಪಟ್ಟಣದವರೆಲ್ಲ ಕೂಗುತ್ತಾ ಒಳಗೆ ನುಗ್ಗಿ ಅವಳನ್ನು ಎತ್ತಿಕೊಂಡರು.

ನಾನು ಎದ್ದು ನಿಂತೇಬಿಟ್ಟೆ. "ಅಯ್ಯೋ, ಅವ್ಳು ತುಳೀಲೇ..."

ನಮ್ಮನೆಯವರು ಸೆರಗು ಹಿಡಿದು ಜಗ್ಗಿದರು. "ಸುಮ್ಕೆ ಕೂತ್ಕಳೇ! ನಿನ್ನ ಯಾರು ಟೀಮಿಗೆ ಸೇರ್ಸ್ಕಂಡವ್ರೆ?"

ಸೆರಗನ್ನೇ ಬಾಯಿಗೆ ತುರುಕಿಕೊಂಡು ಮೊಮ್ಮಗಳ ಕೈ ನೋಡಿದೆ. ಎರಡೂ ಕೈ ಬೆನ್ನ ಹಿಂದೆ. ಎಡಗೈ ಬಲಗೈಯ ಬೆರಳುಗಳನ್ನು ಹಿಡಿದುಕೊಂಡಿತ್ತು, ತೊಟ್ಟಿಲ ಕೂಸನ್ನು ಹಿಡಿದ ಹಾಗೆ. ಮುಖದಲ್ಲಿ ಏನೂ ಇಲ್ಲ. ಆದರೆ ಆಟ ಮುಗಿಯಿತೆಂದು ಎಲ್ಲರೂ ಹೊರಟರೂ ಅವಳು ಮಾತ್ರ ಜಾಗ ಬಿಟ್ಟು ಕದಲಲಿಲ್ಲ. ಅರಕಲಗೂಡಿನ ಹುಡುಗಿಯರು ತಲೆ ತಗ್ಗಿಸಿ ತಮ್ಮ ಬೆಂಚಿನ ಕಡೆ ಹೆಜ್ಜೆ ಹಾಕುತ್ತಿದ್ದರು. ಆಟ ಮುಗಿದ ಮೇಲೆ ಮುಂದಿನ ಚೆಂಡು ಇರುವುದಿಲ್ಲವಲ್ಲ, ಅವರೆಲ್ಲ ಮೈದಾನದ ಗೆರೆ ದಾಟಿಬಿಟ್ಟರೆ ಆಮೇಲೆ ಕೇಳುವಂತಿಲ್ಲ ಎಂದು ಮೊಮ್ಮಗಳೇ ನನಗೆ ಹೇಳಿದ್ದಳು.

ಆಗ ಅವರಲ್ಲೊಬ್ಬಳು, ಕುಳ್ಳಗಿನವಳು, ಅರ್ಧ ದಾರಿಯಲ್ಲಿ ನಿಂತು ಹಿಂದಕ್ಕೆ ನೋಡಿದಳು. "ಲೇ, ಬಾಲ್ ಕೊಡ್ರೇ! ಯಾರೂ ಆಚೆ ಓಗ್ಬ್ಯಾಡ್ರಿ!" ಎಂದು ಕೂಗಿ ಎರಡನೇ ಬೇಸಿಗೆ ಓಡಿದಳು. ಎಸೆದ ಚೆಂಡು ಹಿಡಿದು ಬೇಸಿನ ಮೇಲೆ ಕಾಲಿಟ್ಟು, "ಮೇಡಂ, ಅವ್ಳು ಇದನ್ನ ತುಳ್ದಿಲ್ಲ. ಅಪೀಲ್" ಎಂದಳು.

ಬೆನ್ನ ಹಿಂದಿದ್ದ ಬಲಗೈ ಈಗ ಮುಂದೆ ಬಂತು, ಮುಷ್ಟಿಯಾಗಿ ಮೇಲೆದ್ದಿತು. ಔಟ್! ಆ ರನ್ ಇಲ್ಲ.

ಚನ್ನರಾಯಪಟ್ಟಣದ ಕೋಚ್ ದುಡುದುಡು ಬಂದರು. "ಕಂಡಿದ್ರೆ ಆಗ್ಲೇ ಏಳ್ಬೇಕಿತ್ತು ಮೇಡಂ. ನಮ್ ಮಕ್ಳು ಕುಣಿದಾದ್ಮೇಲೆ ಏಳ್ತೀರಲ್ಲ?"

"ಅವ್ರು ಕೇಳಿದ್ದು ಈಗ ಸಾ. ಕೇಳ್ದೇ ಓಗಿದ್ರೆ ನೀವು ಗೆದ್ದಂಗೇ ಇತ್ತು" ಎಂದಳು. ದನಿ ಏರಿಸಲಿಲ್ಲ. ಕೋಚ್ ಎರಡು ಜಡೆಯವಳ ಕಡೆ ತಿರುಗಿದರು. ಅವಳು "ತುಳ್ದಿಲ್ಲ ಸಾ" ಎಂದು ತಾನೇ ಒಪ್ಪಿಕೊಂಡಳು. ಆಟ ಮುಂದುವರಿದು ಕೊನೆಗೆ ಚನ್ನರಾಯಪಟ್ಟಣದವರೇ ಗೆದ್ದರು, ಅದು ಬೇರೆ ಮಾತು.

ಪರೀಕ್ಷಕರು ಕೈಕುಲುಕಿ, "ಔಟ್ ಕೊಟ್ಟಿದ್ದಕ್ಕಲ್ಲಮ್ಮ, ಅದಕ್ಕೆ ಮೊದಲು ನಿಂತಿದ್ದೆಯಲ್ಲ, ಅದಕ್ಕೆ" ಎಂದರು.

ನಾನು ಮನೆ ಸೇರುವ ಹೊತ್ತಿಗೆ ಸೊಸೆ ಹಸಿ ಅವರೆಕಾಳಿನ ಸಾರು ಮಾಡಿ ಮುದ್ದೆ ಕಟ್ಟುತ್ತಿದ್ದಳು. ಮಗ ಹಿತ್ತಲಿಂದ ಬಾಳೆ ಎಲೆ ಕೊಯ್ದು ತಂದಿದ್ದ. ಎಲ್ಲರನ್ನೂ ಸಾಲಾಗಿ ಕೂರಿಸಿ ನಾನೇ ಬಡಿಸಿದೆ. ಬಡಿಸುತ್ತಾ ಮತ್ತೆ ಕಥೆ ಶುರು ಮಾಡಿದೆ, ಎರಡು ಜಡೆಯವಳು ಹೀಗೆ ತಿರುಗಿದಳು ಎಂದು ತುಪ್ಪದ ಗಿಣ್ಣಲು ಹಿಡಿದು ತೋರಿಸುತ್ತಾ ಹೋದೆ. ಮೊಮ್ಮಗಳ ಬೆರಳು ಮೇಲೆದ್ದಿತು.

"ಅಜ್ಜಿ, ತಾತನ ಮುದ್ದೆಗೆ ತುಪ್ಪ ಬಿದ್ದಿಲ್ಲ."

"ನಾನು ಅಪೀಲೇ ಮಾಡಿಲ್ವಲ್ಲ ಮಗಾ" ಎಂದರು ನಮ್ಮನೆಯವರು.

"ಮನೇಲಿ ನಾನು ಅಂಪೈರಲ್ಲ ಕಣ್ ತಾತ."

ನಮ್ಮನೆಯವರ ಮುದ್ದೆಗೆ ಎರಡು ಚಮಚ ತುಪ್ಪ ಹಾಕಿ, ಅವಳ ಮಗ್ಗುಲಲ್ಲೇ ಎಲೆ ಹಾಕಿಕೊಂಡು ನಾನೂ ಊಟಕ್ಕೆ ಕೂತೆ.