ರಬ್ಬರ್ ಟೀಚರ್ ಒರೆಸಿದ ಮೂಲೆ

ಮಕ್ಕಳು ಬೆನ್ನ ಹಿಂದೆ ಅವರನ್ನು ರಬ್ಬರ್ ಟೀಚರ್ ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು. ಕುತ್ತಿಗೆಯಲ್ಲಿ ಒಂದು ಕಪ್ಪು ದಾರ, ಅದರ ತುದಿಗೆ ತೂತು ಕೊರೆದು ಕಟ್ಟಿದ ಬಿಳಿ ರಬ್ಬರು. ಬೇರೆ ಹೆಂಗಸರು ಬೀರುವಿನ ಬೀಗದ ಕೈಯನ್ನು ಎಷ್ಟು ಜೋಪಾನ ಮಾಡುತ್ತಾರೋ ಈಯಮ್ಮ ಅದನ್ನು ಅಷ್ಟು ಜೋಪಾನ ಮಾಡುತ್ತಿದ್ದರು. ಮೂವತ್ತೊಂದು ವರ್ಷ ಪ್ರೈಮರಿ ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿದವರು.

ಈ ಗುಣ ತವರಿನಿಂದ ಬಂದದ್ದು. ಅಪ್ಪ ಅಂಗಡಿಗಳಿಗೆ ಬೋರ್ಡು ಬರೆಯುವವರು. ಅಕ್ಷರದ ಕೆಳಗೆ ಒಂದು ಹನಿ ಬಣ್ಣ ಇಳಿದರೂ ಇಡೀ ಬೋರ್ಡು ಒರೆಸಿ ಮೊದಲಿಂದ ಶುರು ಮಾಡುವರು. ಏಳು ವರ್ಷದ ಮಗಳು ಏಣಿಯ ಕೆಳಗೆ ಸೀಮೆಎಣ್ಣೆಯ ಬಟ್ಟೆ ಹಿಡಿದು ನಿಂತಿರಬೇಕು. ಚೆನ್ನಾಗಿ ಬರೆದ ಹತ್ತು ಅಕ್ಷರ ಯಾರ ಕಣ್ಣಿಗೂ ಬೀಳುವುದಿಲ್ಲ, ಜಾರಿದ ಒಂದು ಹನಿ ಊರಿಗೆಲ್ಲ ಕಾಣುತ್ತದೆ ಎಂದು ಅಪ್ಪ ಮೇಲಿಂದ ಗೊಣಗುತ್ತಿದ್ದದ್ದು ಆ ಹುಡುಗಿಯ ಎಲುಬಿಗೆ ಇಳಿದುಬಿಟ್ಟಿತ್ತು.

ಕೆಲಸ ಬಿಡಲು ಎರಡು ವರ್ಷ ಇರುವಾಗ ಹೆಡ್‌ಮಾಷ್ಟ್ರು ಒಂದು ಹೊಸ ಕೆಲಸ ಹಚ್ಚಿದರು. ನಾಲ್ಕನೇ ಕ್ಲಾಸಿನ ಮಕ್ಕಳ ಚಿತ್ರಗಳನ್ನು ಇಂಟರ್ನೆಟ್ಟಿನಲ್ಲಿ ಹಾಕಬೇಕು, ಅದಕ್ಕೆ ಬ್ಲಾಗ್ ಎನ್ನುತ್ತಾರೆ, ಅಪ್ಪ ಅಮ್ಮಂದಿರು ಎಲ್ಲಿದ್ದರೂ ನೋಡಬಹುದು. ಟೀಚರಿಗೆ ಬಾಗಿಲ ಕರೆಗಂಟೆ ಬಿಟ್ಟರೆ ಬೇರೆ ಗುಂಡಿ ಒತ್ತಿ ಅಭ್ಯಾಸವಿರಲಿಲ್ಲ. ತಂಗಿಯ ಮಗಳು ಬಂದು ಕೂತು ಕಲಿಸಿಕೊಟ್ಟಳು.

"ದೊಡ್ಡಮ್ಮ, ಒಂದ್ಸಲ ಒತ್ತಿದ್ರೆ ಸಾಕು. ಯಾರೂ ಬಾಗಿಲು ತೆಗೆಯೋಕೆ ಬರಲ್ಲ ಅಲ್ಲಿ."

ಬ್ಲಾಗಿಗೆ 'ನಮ್ಮ ಗೋಡೆ' ಎಂದು ಮಕ್ಕಳೇ ಹೆಸರಿಟ್ಟರು. ಶುಕ್ರವಾರ ಕೊನೆಯ ಎರಡು ಪೀರಿಯಡ್ಡು ಚಿತ್ರ. ಬರೆದಾದ ಮೇಲೆ ಪ್ರತಿ ಮಗುವೂ ತನ್ನ ಚಿತ್ರದ ಬಗ್ಗೆ ಒಂದು ಮಾತು ಹೇಳಬೇಕು. ಟೀಚರು ಅದನ್ನು ಒಂದೇ ಬೆರಳಲ್ಲಿ ಕುಟ್ಟಿ ಮಗುವಿನ ಹೆಸರಿನ ಜೊತೆ ಚಿತ್ರದ ಕೆಳಗೆ ಹಾಕುವರು. 'ಇದು ನಮ್ಮ ಬೆಕ್ಕು, ಕಾಲು ಐದಿದೆ, ಯಾಕೆಂದರೆ ಅದು ಓಡುತ್ತಿದೆ' ಎಂದು ಒಬ್ಬ ಹೇಳಿದ್ದ. ನೋಡಿದವರು ಏನಾದರೂ ಬರೆದಿದ್ದರೆ ಶನಿವಾರ ಬೆಳಿಗ್ಗೆ ಟೀಚರು ಫೋನು ಹಿಡಿದು ಗಟ್ಟಿಯಾಗಿ ಓದುವರು. ಯಾರದೋ ಸೋದರಮಾವ ವಾರ ವಾರವೂ ಎಲ್ಲ ಚಿತ್ರಕ್ಕೂ 'ಸೂಪರ್' ಎಂದು ಬರೆಯುತ್ತಿದ್ದ. ಆತನಿಗೆ ಸೂಪರ್ ಮಾಮ ಎಂದೇ ಹೆಸರಾಯಿತು.

ಹೆಸರು ಹಾಕದ ಇನ್ನೊಬ್ಬರಿದ್ದರು. ಅವರು ಏನೂ ಬರೆಯುತ್ತಿರಲಿಲ್ಲ, ಒಂದು ಕೆಂಪು ಹೂವಿನ ಚಿತ್ರ ಮಾತ್ರ ಇಡುವರು. ಅದೂ ಒಬ್ಬಳ ಚಿತ್ರದ ಕೆಳಗೇ. ಮುಂದಿನ ಎರಡು ಹಲ್ಲು ಉದ್ದವಾಗಿ, ಮಾತು ಕಡಿಮೆಯಾಗಿ, ಮೂರನೇ ಬೆಂಚಿನ ಗೋಡೆಗೆ ಒತ್ತಿ ಕೂರುವ ಹುಡುಗಿ. ಕ್ಲಾಸು ಅವಳನ್ನು ಇಲಿಮರಿ ಎನ್ನುತ್ತಿತ್ತು. "ಇಲಿಮರಿಗೆ ಹೂವು" ಎಂದು ಟೀಚರು ಓದಿದರೆ ಆ ಎರಡು ಹಲ್ಲು ಹೊರಗೆ ಬರುತ್ತಿದ್ದವು.

ಟೀಚರಿಗೆ ಆಗ ಗೊತ್ತಿಲ್ಲದ ಸಂಗತಿಯನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಆ ಹೂವು ಇಡುತ್ತಿದ್ದವಳು ಹುಡುಗಿಯ ತಾಯಿ. ದೂರದ ಊರಿನ ಹಾಸ್ಟೆಲೊಂದರಲ್ಲಿ ಅಡುಗೆ ಕೆಲಸ, ಮಗಳು ಅಜ್ಜಿಯ ಹತ್ತಿರ. ತಾಯಿಗೆ ಓದು ಬರಹ ಇಲ್ಲ. ಹಾಸ್ಟೆಲಿನ ಹುಡುಗಿಯೊಬ್ಬಳು ಅವಳ ಫೋನಿನಲ್ಲಿ 'ನಮ್ಮ ಗೋಡೆ' ತೆರೆಯುವುದನ್ನೂ ಹೂವು ಇಡುವುದನ್ನೂ ತೋರಿಸಿಕೊಟ್ಟಿದ್ದಳು. ಮೂವತ್ತನಾಲ್ಕು ಚಿತ್ರದಲ್ಲಿ ಮಗಳದ್ದು ಯಾವುದೆಂದು ಗೊತ್ತಾಗುವುದು ಹೇಗೆ? ಕೆಳಗಿನ ಹೆಸರು ಅವಳಿಗೆ ಇರುವೆ ಸಾಲಿದ್ದ ಹಾಗೆ. ಅದಕ್ಕೆ ಮಗಳು ಚಿತ್ರದ ಎಡಮೂಲೆಯಲ್ಲಿ ಬಣ್ಣ ಅದ್ದಿ ಹೆಬ್ಬೆರಳು ಒತ್ತುತ್ತಿದ್ದಳು, ಅಮ್ಮ ಸಂಬಳದ ಪುಸ್ತಕದಲ್ಲಿ ಒತ್ತುವ ಹಾಗೆ. ಕ್ಲಾಸಿನಲ್ಲಿ ಹೇಳಿದರೆ 'ನಿಮ್ಮಮ್ಮ ಹೆಬ್ಬೆಟ್ಟಾ' ಎಂದು ನಗುತ್ತಾರೆಂದು ಯಾರಿಗೂ ಬಾಯಿ ಬಿಟ್ಟಿರಲಿಲ್ಲ.

ದಸರಾ ರಜೆ ಮುಗಿದ ಮೇಲೆ ಹೆಡ್‌ಮಾಷ್ಟ್ರು ಟೀಚರನ್ನು ಕರೆಸಿದರು. ಮೇಲಿನ ಸಾಹೇಬರು ಬ್ಲಾಗು ನೋಡಿದರಂತೆ. ಮಕ್ಕಳು ತಿಂಡಿ ತಿಂದು ಹಾಳೆಗೆ ಕೈ ಒರೆಸಿದ ಹಾಗಿದೆ ಎಂದು ನಕ್ಕರಂತೆ. ಹೆಡ್‌ಮಾಷ್ಟ್ರು ಅದನ್ನು ನಗುತ್ತಲೇ ಹೇಳಿದರು, ಆದರೆ ಬೋರ್ಡು ಬರೆಯುವವರ ಮಗಳಿಗೆ ಅದು ಕೆನ್ನೆಗೆ ಹೊಡೆದ ಹಾಗಾಯಿತು.

ಆ ಶುಕ್ರವಾರದಿಂದ ಮಕ್ಕಳು ಮನೆಗೆ ಹೋದ ಮೇಲೆ ಟೀಚರು ಸ್ಟಾಫ್ ರೂಮಿನ ಕಿಟಕಿ ಪಕ್ಕ ಹಾಳೆಗಳನ್ನು ಹರಡಿಕೊಂಡು ಕೂರತೊಡಗಿದರು. ಪೆನ್ಸಿಲ್ಲಿನ ಮಸಿಗೆ ರಬ್ಬರು, ಬಣ್ಣದ ಕೊಳೆಗೆ ಸಣ್ಣ ಕುಂಚದಲ್ಲಿ ಬಿಳಿ ಬಣ್ಣ. ಆಮೇಲೆ ಫೋಟೋ. ಬೆಕ್ಕಿನ ಐದನೇ ಕಾಲನ್ನು ಮುಟ್ಟಲಿಲ್ಲ, ಅಷ್ಟು ವಿವೇಕ ಅವರಿಗಿತ್ತು. ಇಲಿಮರಿಯ ಹಾಳೆ ಬಂದಾಗ, ಈ ಹುಡುಗಿ ವಾರ ವಾರ ಅದೇ ಜಾಗದಲ್ಲಿ ಗಲೀಜು ಮಾಡುತ್ತಾಳಲ್ಲ ಎಂದುಕೊಂಡು ಮೂಲೆಯನ್ನು ನೀಟಾಗಿ ಬಿಳಿ ಮಾಡಿದರು.

ಮರುದಿನ ಹೂವು ದೋಣಿಯ ಚಿತ್ರ ಬರೆದ ಕಾಂಪೌಂಡರ್ ಮಗನಿಗೆ ಬಿದ್ದಿತ್ತು. ಮುಂದಿನ ವಾರ ಒಟ್ಟಿಗೆ ನಾಲ್ಕು ಚಿತ್ರಕ್ಕೆ. ಹೂವಿನವರು ಅಂಗಡಿಯನ್ನೇ ತೆರೆದಿದ್ದಾರೆ ಎಂದು ಟೀಚರು ತಮಾಷೆ ಮಾಡಿದರು, ಮಕ್ಕಳು ನಕ್ಕರು. ಆ ನಾಲ್ಕರಲ್ಲಿ ಇಲಿಮರಿಯದು ಇರಲಿಲ್ಲ. ಅವಳು ಡೆಸ್ಕಿನ ಮೇಲೆ ತಲೆ ಇಟ್ಟು ಮಲಗಿದ್ದಳು. ಹುಷಾರಿಲ್ಲವೇನೋ ಎಂದು ಟೀಚರು ಹಣೆ ಮುಟ್ಟಿ ನೋಡಿದರು. ಬಿಸಿ ಇರಲಿಲ್ಲ. ಅದರ ಮುಂದಿನ ವಾರ ಹೂವೇ ಬರಲಿಲ್ಲ. ಆಮೇಲೂ ಬರಲಿಲ್ಲ.

ಹುಡುಗಿ ಮೊದಲು ಎರಡು ಬೆರಳು ಒತ್ತಿದಳು, ಆಮೇಲೆ ಚಿತ್ರದ ನಡುವೆ, ಸೂರ್ಯನ ಮುಖದ ಮೇಲೇ ಒತ್ತಿದಳು. ಟೀಚರು ಅವಳನ್ನು ಎಬ್ಬಿಸಿ ನಲ್ಲಿಯ ಹತ್ತಿರ ಕಳಿಸಿದರು. ಕೈ ತೊಳೆದು ಬಂದು ಹೊಸ ಹಾಳೆಯಲ್ಲಿ ಬರೆ ಎಂದರು. ಬಂದಳು, ಬರೆದಳು, ಹಾಳೆ ಕೊಡುವಾಗ ಕೇಳಿದಳು.

"ಟೀಚರ್, ನಮ್ಮ ಹಾಳೇನ ಹೀಗೇ ಹಾಕ್ತೀರಾ ಗೋಡೆಗೆ?"

"ಇನ್ನೂ ಚಂದ ಮಾಡಿ ಹಾಕ್ತೀನಿ ಕಣೆ" ಎಂದರು ಟೀಚರು. ಒಳ್ಳೆಯ ಮಾತು ಹೇಳಿದೆ ಎಂದೇ ಅವರಿಗೆ ಅನಿಸಿತ್ತು.

ಅಲ್ಲಿಂದಾಚೆ ಹುಡುಗಿ ಬರಿಯ ಗೆರೆ ಎಳೆದು ಕೊಡತೊಡಗಿದಳು. ಒಂದು ವಾರ ಬಿಳಿ ಹಾಳೆಯನ್ನೇ ಕೊಟ್ಟಳು.

ವರ್ಷ ಮುಗಿಯುವ ಹೊತ್ತಿಗೆ ಅಜ್ಜಿ ಅವಳ ಟಿ.ಸಿ. ತೆಗೆದುಕೊಳ್ಳಲು ಬಂದರು. ಟೀಚರು ಯಾವುದೋ ಸಹಿಗೆಂದು ಹೆಡ್‌ಮಾಷ್ಟ್ರ ರೂಮಿಗೆ ಹೋಗಿದ್ದರು. ಹೆಡ್‌ಮಾಷ್ಟ್ರು ರಿಜಿಸ್ಟರು ತಿರುಗಿಸಿ ಇಂಕಿನ ಪ್ಯಾಡು ಮುಂದಕ್ಕೆ ತಳ್ಳಿದರು. ಅಜ್ಜಿ ಹೆಬ್ಬೆರಳು ಅದ್ದಿ, ಎಡಕ್ಕೆ ಸ್ವಲ್ಪ ಹೊರಳಿಸಿ ಒತ್ತಿದರು. ಟೀಚರು ಅಭ್ಯಾಸಬಲದಿಂದ ಒರೆಸುವ ಬಟ್ಟೆ ಕೈಗೆತ್ತಿಕೊಂಡವರು ಹಾಗೇ ನಿಂತರು. ಎಡಕ್ಕೆ ಹೊರಳಿದ ಆ ಗುರುತನ್ನು ಅವರು ವಾರ ವಾರ ನೋಡಿದ್ದರು.

"ನಮ್ಮನೇಲಿ ಇದೇ ಸಹಿ ಟೀಚರಮ್ಮ" ಎಂದರು ಅಜ್ಜಿ, ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾ. "ನಂದೂ ಇದೇ, ನನ್ನ ಮಗಳದ್ದೂ ಇದೇ. ಇವಳು ಬರೆಯೋಕೆ ಕಲಿತ್ರೂ ಚಿತ್ರದ ಮೂಲೇಲಿ ಒತ್ತೋಳು, ಅವಳಮ್ಮಂಗೆ ಗುರುತು ಸಿಗ್ಲಿ ಅಂತ. ಆಮೇಲೆ ಅದೇನ್ ಬಂತೋ, ಬಿಟ್ಟುಬಿಟ್ಲು. ಕೇಳಿದ್ರೆ ಒತ್ತಿದೀನಿ ಅಂತ ಸುಳ್ಳು ಹೇಳ್ತಾಳೆ. ಸುಳ್ಳು ಯಾವಾಗ ಕಲಿತೆ ಅಂತ ಅವಳಮ್ಮ ಫೋನಲ್ಲಿ ಬೈದ್ಲು. ಅವತ್ತಿಂದ ಇವಳು ಫೋನಿಗೇ ಬರಲ್ಲ. ಹೀಗೇ ಬಿಟ್ರೆ ತಾಯಿ ಮಗಳು ಒಬ್ಬರಿಗೊಬ್ಬರು ಯಾರೋ ಆಗೋಗ್ತಾರೆ. ಅದಕ್ಕೇ ಅಲ್ಲಿಗೇ ಕರ್ಕೊಂಡು ಹೋಗಿ ಬಿಡ್ತಿದೀನಿ."

ಇಲಿಮರಿ ಅಜ್ಜಿಯ ಪಕ್ಕ ನಿಂತಿದ್ದಳು. ಅಜ್ಜಿಯನ್ನು ನೋಡುತ್ತಿರಲಿಲ್ಲ, ಟೀಚರ ಮುಖವನ್ನೂ ನೋಡುತ್ತಿರಲಿಲ್ಲ. ಅವರ ಕುತ್ತಿಗೆಯ ರಬ್ಬರನ್ನು ನೋಡುತ್ತಿದ್ದಳು.

ಟೀಚರು ಕೈಯಲ್ಲಿದ್ದ ಬಟ್ಟೆಯನ್ನು ಮೇಜಿನ ಮೇಲೆ ಇಟ್ಟರು. ಹೇಳಬೇಕಾದ ಮಾತು ನಾಲಿಗೆಯ ತುದಿಗೇ ಬಂದಿತ್ತು. ಆದರೆ ಎದುರಿಗೆ ಹೆಡ್‌ಮಾಷ್ಟ್ರು ಕೂತಿದ್ದರು, ಬಾಗಿಲಲ್ಲಿ ಇಬ್ಬರು ಟೀಚರುಗಳು ನಿಂತಿದ್ದರು, ಹಿಂದೆ ಮೂವತ್ತು ವರ್ಷದ ಒಳ್ಳೆಯ ಹೆಸರು ನಿಂತಿತ್ತು.

"ಮಕ್ಕಳು ಹಾಗೇ ಅಜ್ಜಿ" ಎಂದರು. "ಸರಿಹೋಗ್ತಾಳೆ ಬಿಡಿ."

ಹುಡುಗಿ ಆಗ ಮಾತ್ರ ತಲೆಯೆತ್ತಿ ಅವರ ಮುಖ ನೋಡಿದಳು, ಒಂದೇ ಸಲ. ಅಜ್ಜಿ ಕೈಮುಗಿದು ಅವಳನ್ನು ಕರೆದುಕೊಂಡು ಹೊರಟುಹೋದರು.

ಸಂಜೆ ಟೀಚರು ಬೀರುವಿನಿಂದ ಅವಳ ಹಾಳೆಗಳನ್ನು ಹುಡುಕಿ ತೆಗೆದರು. ಬಿಳಿ ಹಚ್ಚಿದ್ದು ಏಳು ಸಿಕ್ಕವು. ಬ್ಲೇಡಿನಲ್ಲಿ ಕೆರೆದು ನೋಡಿದರು, ಒಂದು ಹರಿಯಿತು. ಉಳಿದದ್ದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬಿಳಿ ಬಣ್ಣದ ಹಿಂದೆ ಹೆಬ್ಬೆರಳು ನೆರಳಿನ ಹಾಗೆ ಕಂಡಿತು. ಹಾಗೆ ಬೆಳಕಿಗೆ ಹಿಡಿದೇ ಆರರ ಫೋಟೋ ತೆಗೆದು ಗೋಡೆಗೆ ಹಾಕಿದರು. ಕೆಳಗೆ ತಪ್ಪಾಯಿತು ಎಂದು ಬರೆಯಲು ಕೂತು, ಯಾರು ಓದಬೇಕು ಎಂದು ನೆನಪಾಗಿ ಕೈ ತೆಗೆದರು. ಬಾಯಲ್ಲೇ ಹೇಳಿ ರೆಕಾರ್ಡ್ ಮಾಡಿ ಹಾಕಬಹುದು ಎಂದು ತಂಗಿಯ ಮಗಳು ತೋರಿಸಿಕೊಟ್ಟಳು. ಮೂರು ಸಲ ಶುರು ಮಾಡಿದರು. ಮೂರು ಸಲವೂ ಅರ್ಧಕ್ಕೆ ನಿಲ್ಲಿಸಿ ಅಳಿಸಿದರು.

ಆ ಚಿತ್ರಗಳಿಗೆ ಹೂವು ಬರಲಿಲ್ಲ. ಮಗಳೇ ಮಗ್ಗುಲಲ್ಲಿ ಮಲಗುವಾಗ ತಾಯಿ ಗೋಡೆ ಯಾಕೆ ನೋಡುತ್ತಾಳೆ ಎಂದು ಟೀಚರು ಸಮಾಧಾನ ಮಾಡಿಕೊಂಡರು. ಆದರೆ ಆ ಮಗ್ಗುಲಲ್ಲಿರುವ ಹುಡುಗಿ ಸುಳ್ಳಿಯಾಗಿಯೇ ಉಳಿದಳಲ್ಲ ಎನ್ನುವುದು ಸಮಾಧಾನಕ್ಕೆ ಬಗ್ಗಲಿಲ್ಲ. ರಜೆಯಲ್ಲಿ ಅಜ್ಜಿಯ ಮನೆ ಹುಡುಕಿಕೊಂಡು ಹೋದರು. ಬೇರೆ ಬಾಡಿಗೆಯವರು ಇದ್ದರು. ಅಜ್ಜಿಯೂ ಮಗಳ ಊರಿಗೇ ಹೋದರಂತೆ, ಊರು ಯಾವುದೋ ಅವರಿಗೂ ತಿಳಿಯದು. ಟಿ.ಸಿ.ಯಲ್ಲೂ ಬರೆದಿರಲಿಲ್ಲ.

ಮರುವರ್ಷದ ಮಕ್ಕಳ ಹಾಳೆಯನ್ನು ಅವರು ಮುಟ್ಟಲಿಲ್ಲ. ಎಣ್ಣೆ ಕೈಯೋ ಮಸಿಯೋ ಇದ್ದದ್ದು ಇದ್ದ ಹಾಗೇ ಗೋಡೆಗೆ ಹೋಯಿತು. ಹೆಡ್‌ಮಾಷ್ಟ್ರು ಕೇಳಿದ್ದಕ್ಕೆ, ಇರಲಿ ಬಿಡಿ ಸರ್ ಎಂದರಷ್ಟೆ, ಯಾಕೆಂದು ಆಗಲೂ ಹೇಳಲಿಲ್ಲ.

ಈಗ ಮನೆಯಲ್ಲಿದ್ದಾರೆ. ಬೆಳಿಗ್ಗೆ ಪಾತ್ರೆ ತೊಳೆಯುವಾಗ ಒಂದೊಂದು ದಿನ ನಲ್ಲಿ ನಿಲ್ಲಿಸಿ ಗಟ್ಟಿಯಾಗಿ ಹೇಳುತ್ತಾರೆ: "ಅಜ್ಜಿ, ಹುಡುಗಿ ಸುಳ್ಳು ಹೇಳ್ತಿಲ್ಲ. ಒರೆಸಿದ್ದು ನಾನು." ಅರ್ಧಕ್ಕೆ ನಿಲ್ಲದೆ, ತಡವರಿಸದೆ, ಚೆನ್ನಾಗಿಯೇ ಬರುತ್ತದೆ ಈಗ.